ಹಸಿವು ಕೊಲ್ಲುವ ಗುಳಿಗೆ

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆಂಗಸರ ರೋಗವನ್ನು ಹೆಂಗಸರ ಬಾಯಿಂದ ಯಾರೂ ಕೇಳುತ್ತಿರಲಿಲ್ಲ. ಡಾಕ್ಟರು ನನ್ನನ್ನು ಕೇಳುತ್ತಿದ್ದರು, ನಾನು ಅತ್ತೆಯನ್ನು ಕೇಳುತ್ತಿದ್ದೆ, ಅತ್ತೆ ಸೊಸೆಯ ಕಡೆ ತಿರುಗಿಯೂ ನೋಡದೆ ಉತ್ತರ ಕೊಡುತ್ತಿದ್ದಳು, ಆ ಉತ್ತರವನ್ನು ನಾನು ಡಾಕ್ಟರಿಗೆ ಒಪ್ಪಿಸುತ್ತಿದ್ದೆ. ರೋಗಿ ಮಾತ್ರ ಸೆರಗು ಕಚ್ಚಿಕೊಂಡು ನೆಲ ನೋಡುತ್ತಾ ಕೂತಿರುತ್ತಿದ್ದಳು. ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟಿದ್ದೆವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಊರುಗಳ ಖಾಸಗಿ ದವಾಖಾನೆಗಳಲ್ಲಿ ನನ್ನ ನರ್ಸ್ ಕೆಲಸ ಕಳೆಯಿತು. ಖಾಸಗಿಯವರಲ್ಲಿ ಬಡ್ತಿ ಎಂಬುದಿಲ್ಲ. ಸೇರಿದ ದಿನವೂ ಜನ ‘ಬಾಯಾರ’ ಎಂದು ಕರೆದರು, ಬಿಟ್ಟ ದಿನವೂ ‘ಬಾಯಾರ’ ಎಂದೇ ಕರೆದರು. ಈಗ ಬಾಗೇವಾಡಿಯಲ್ಲೇ ಮನೆ ಮಾಡಿಕೊಂಡಿದ್ದೇನೆ. ನಮ್ಮ ಓಣಿಯ ಶಬಾನಾ ನರ್ಸಿಂಗ್ ಓದು ಮುಗಿಸಿ ಈ ವರ್ಷ ಕೆಲಸಕ್ಕೆ ಹತ್ತಿದ್ದಾಳೆ. ಮೊನ್ನೆ ಬಂದವಳು ಚಹಾ ಕುಡಿಯುತ್ತಾ ಹೇಳಿದಳು.

“ಅಜ್ಜಿ, ಈಗ ತೆಳ್ಳಗಾಗಾಕ ಇಂಜೆಕ್ಷನ್ ಬಂದಾವ್ರಿ. ಮಕ್ಕಳಾಗಬೇಕು ಅನ್ನೋ ಹೆಣ್ಮಕ್ಕಳೂ ಅದನ್ನ ಕೇಳ್ಕೊಂಡು ಬರಾಕತ್ತ್ಯಾರ. ನಿಮ್ಮ ಕಾಲದಾಗ ಇಂಥಾ ತಾಪತ್ರಯ ಇರಲಿಲ್ಲ ಬಿಡ್ರಿ.”

“ಇತ್ತವ್ವಾ” ಎಂದೆ.

ಆಕೆ ನಕ್ಕಳು. ಮುದುಕಿ ಎಲ್ಲದಕ್ಕೂ ನಮ್ಮ ಕಾಲದಲ್ಲೂ ಇತ್ತು ಎನ್ನುತ್ತಾಳೆ ಎಂದುಕೊಂಡಿರಬೇಕು. ಉಳಿದದ್ದನ್ನು ನನಗೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಓದಲಿ, ಓದಿ ನನ್ನನ್ನು ಬೈಯಲಿ.

ಮೊದಲು ಇಂಡಿಯ ಮಾತು. ಅಲ್ಲಿಯ ಡಾಕ್ಟರು ವಯಸ್ಸಾದವರು, ಬಹಳ ಸಂಭಾವಿತರು. ಹೆಣ್ಣುಮಗಳು ಒಳಗೆ ಬಂದಳೆಂದರೆ ತಾವು ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ತಿರುಗಿಸಿ ಕೂಡುತ್ತಿದ್ದರು. ಕ್ಯಾಲೆಂಡರಿಗೇ ಪ್ರಶ್ನೆ ಕೇಳುತ್ತಿದ್ದರು. ನಡುವೆ ಒಂದು ಪರದೆ ಇರುತ್ತಿತ್ತು, ಪರದೆಯ ಆಚೆಯಿಂದ ಕೈ ಹೊರಗೆ ಬಂದರೆ ನಾಡಿ ಹಿಡಿಯುತ್ತಿದ್ದರು. ಒಂದು ಸಲ ಹೊಸದಾಗಿ ಮದುವೆಯಾದ ಹುಡುಗಿಗೆ ಜ್ವರ ಬಂದು ಕರೆತಂದರು. ಡಾಕ್ಟರು ನಾಡಿ ಹಿಡಿದು, “ಏನೂ ಆಗಿಲ್ಲ, ಕುದುರಿ ಓಡಿದಂಗ ಓಡಾಕತ್ತೈತಿ” ಎಂದು ಬರೀ ಟಾನಿಕ್ ಬರೆದರು. ಮರುದಿನ ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಆಮೇಲೆ ಡಾಕ್ಟರಿಗೆ ತಿಳಿಯಿತು, ಮದುಮಗಳು ನಾಚಿದಳೆಂದು ಪರದೆಯಿಂದ ಕೈ ಚಾಚಿದವಳು ಅವಳ ನಾದಿನಿ. ನಾನು ಪರದೆಯ ಆಚೆಗೇ ನಿಂತಿದ್ದೆ, ಕಣ್ಣಾರೆ ನೋಡಿದ್ದೆ. ಕೈ ಯಾರದಾದರೇನು, ಒಂದೇ ಮನೆಯವರಲ್ಲವೇ ಎಂದು ಸುಮ್ಮನಿದ್ದೆ! ಹುಡುಗಿ ಬದುಕಿಕೊಂಡಳು, ಹಾಗಾಗಿ ನಾವು ಈ ಕತೆಯನ್ನು ನಗುತ್ತಾ ಹೇಳುತ್ತಿದ್ದೆವು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎಂದು ತಿಳಿಯಲು ನನಗೆ ಸಿಂದಗಿಗೆ ಹೋಗಬೇಕಾಯಿತು.

ಕೆಲಸದ ರೀತಿ ಹೇಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಗಾಜಿನ ಸಿರಿಂಜುಗಳನ್ನು ಸ್ಟೋವ್ ಮೇಲೆ ಕುದಿಸುತ್ತಿದ್ದೆವು, ಮೊಂಡಾದ ಸೂಜಿಯನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದೆವು. ಕೆಂಪು ಔಷಧದ ಶೀಷೆಗೆ ಕಾಗದದ ಪಟ್ಟಿ ಅಂಟಿಸಿ ಒಂದು ಹೊತ್ತಿಗೆ ಇಷ್ಟು ಎಂದು ಗುರುತು ಮಾಡುತ್ತಿದ್ದೆವು. ಗುಳಿಗೆಗಳನ್ನು ಅವುಗಳ ಪಾಕೀಟಿನಿಂದ ಬಿಡಿಸಿ, ಹಾಳೆಯ ಚೂರಿನಲ್ಲಿ ಪುಡಿಕೆ ಕಟ್ಟಿ ಕೊಡುತ್ತಿದ್ದೆವು. ಗುಳಿಗೆಯ ಹೆಸರು ತಿಳಿದರೆ ರೋಗಿ ಮುಂದಿನ ಸಲ ನೇರವಾಗಿ ಅಂಗಡಿಗೆ ಹೋಗುತ್ತಾನೆ ಎಂಬುದು ಡಾಕ್ಟರರ ಭಯ. ಹೀಗಾಗಿ ಯಾರ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ತಿಂದವರಿಗೇ ಗೊತ್ತಿರುತ್ತಿರಲಿಲ್ಲ. ಬಿಳಿ ಗುಳಿಗೆ, ಹಳದಿ ಗುಳಿಗೆ, ಅಷ್ಟೇ.

ಸಿಂದಗಿಯ ಡಾಕ್ಟರು ಹರೆಯದವರು, ಚುರುಕು. ಕ್ಯಾಲೆಂಡರ್ ನೋಡುವವರಲ್ಲ. ಹೊಸ ಔಷಧ ಎಂದರೆ ಅವರಿಗೆ ಜೀವ. ಸೊಲ್ಲಾಪುರದಿಂದ ಬ್ಯಾಗು ಹಿಡಿದು ಬರುತ್ತಿದ್ದ ಕಂಪನಿಯ ಮನುಷ್ಯ ಒಂದು ದಿನ ತೆಳ್ಳಗಾಗುವ ಗುಳಿಗೆಯ ಡಬ್ಬಿ ಇಟ್ಟು ಹೋದ. ಅದನ್ನು ತಿಂದರೆ ಹಸಿವಾಗುವುದಿಲ್ಲ, ಹಸಿವಾಗದಿದ್ದರೆ ಮೈ ಇಳಿಯುತ್ತದೆ, ಅದೇ ಅದರ ಗುಟ್ಟು. ಎಪ್ಪತ್ತರ ದಶಕದ ಆರಂಭದ ಬರದ ವರ್ಷಗಳು ಆಗಷ್ಟೇ ಮುಗಿದಿದ್ದವು. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಬಸುರಿಯರ ಕೈಯೆಲ್ಲ ಕಡ್ಡಿ, ಒಳಗೆ ನಾವು ಹಸಿವು ಕೊಲ್ಲುವ ಗುಳಿಗೆಯನ್ನು ಪುಡಿಕೆ ಕಟ್ಟುತ್ತಿದ್ದೆವು. ಅದೂ ನನಗೆ ಆಗ ವಿಚಿತ್ರವೆನಿಸಲಿಲ್ಲ. ಡಬ್ಬಿಯೊಳಗಿನ ಚೀಟಿ ಓದಿ ಡಾಕ್ಟರು ನನಗೆ ಒಂದು ಮಾತು ಮಾತ್ರ ಒತ್ತಿ ಹೇಳಿದ್ದರು.

“ಬಾಯಾರ, ಬಸುರಿದ್ದವರಿಗೆ ಇದು ಬ್ಯಾಡ. ಹೆಣ್ಮಕ್ಕಳಿಗೆ ಪುಡಿಕಿ ಕೊಡೂಮುಂದ ಪ್ರತಿ ಸಲ ಕೇಳ್ರಿ. ತಿಂಗಳಾ ತಪ್ಪೈತಿ ಅಂದ್ರ ಗುಳಿಗಿ ಬಂದ್. ಮದ್ಲ ನನಗ ಹೇಳ್ರಿ.”

“ಆತ್ರಿ ಸಾಹೇಬ್ರ” ಎಂದೆ.

ಈ ಗುಳಿಗೆಗೆ ಬಂದವಳು ಪದ್ಮಾ. ಸಿಂದಗಿಯ ದೊಡ್ಡ ಬಟ್ಟೆ ಅಂಗಡಿಯವರ ಸೊಸೆ, ತವರೂರು ಮಸೂತಿ. ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಮುಖ ಲಕ್ಷಣವಾಗಿತ್ತು, ಆದರೆ ಮೈ ಬಹಳ ಬಂದಿತ್ತು. ಗರ್ಭಚೀಲಕ್ಕೆ ಕೊಬ್ಬು ಮುಸುಕಿದೆ, ಅದಕ್ಕೇ ಬಸಿರು ನಿಲ್ಲುತ್ತಿಲ್ಲ ಎಂದು ಓಣಿಯವರೆಲ್ಲ ತೀರ್ಪು ಕೊಟ್ಟಿದ್ದರು. ಅವಳ ಅತ್ತೆ ಅಂಬಕ್ಕ ಕಟ್ಟುನಿಟ್ಟಿನ ಹೆಂಗಸು. ಮನೆಯಲ್ಲಿ ಮಡಿ ಜೋರು. ಮುಟ್ಟಾದವರು ಮೂರು ದಿನ ಹಿತ್ತಲ ಕಡೆಯ ಕೋಣೆಯಲ್ಲಿ, ಬೇರೆ ಚಾಪೆ ಬೇರೆ ತಾಟು ಇಟ್ಟುಕೊಂಡು, ಹೊರಗೆ ಕೂಡಬೇಕು. ಮನಗೂಳಿಯ ಒಬ್ಬ ಹುಡುಗಿಯನ್ನು ಮಗನಿಗೆ ಎರಡನೆಯವಳಾಗಿ ತರುವ ಮಾತು ಆ ಮನೆಯಲ್ಲಿ ಆಗಲೇ ನಡೆದಿತ್ತು. ಅದಕ್ಕೂ ಮೊದಲು ಒಂದು ಕೊನೆಯ ಪ್ರಯತ್ನವೆಂದು ಸೊಸೆಯನ್ನು ನಮ್ಮ ದವಾಖಾನೆಗೆ ತಂದಿದ್ದರು. ಮೈ ಇಳಿಯಬೇಕು, ಮಗುವಾಗಬೇಕು, ಇಲ್ಲದಿದ್ದರೆ ಅವಳ ಜಾಗಕ್ಕೆ ಮನಗೂಳಿಯವಳು ಬರಬೇಕು. ಪದ್ಮಾಳಿಗೂ ಅದು ಗೊತ್ತಿತ್ತು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಅಂಬಕ್ಕನ ಕಡೆ ನೋಡಿದೆ.

“ಸೊಸಿಗೆ ತಿಂಗಳಾ ಬರೋಬ್ಬರಿ ಐತೇನ್ರಿ?”

“ಹೌದ್ರಿ. ತಿಂಗಳಾ ತಪ್ಪದಂಗ ಹೊರಗ ಕೂಡ್ತಾಳ” ಎಂದರು ಅಂಬಕ್ಕ.

“ಬರೋಬ್ಬರಿ ಐತ್ರಿ ಸಾಹೇಬ್ರ” ಎಂದೆ ನಾನು. ಪದ್ಮಾ ನೆಲ ನೋಡುತ್ತಿದ್ದಳು. ಡಾಕ್ಟರು ಗುಳಿಗೆ ಬರೆದರು.

ತೂಕ ನೋಡಬೇಕಿತ್ತು. ನಮ್ಮ ತೂಕದ ಯಂತ್ರ ಕೆಟ್ಟು ಮೂಲೆಗೆ ಬಿದ್ದಿತ್ತು. ಬಾಜಾರದಲ್ಲಿ ಪರಿಚಯದವರ ಅಡತಿ ಅಂಗಡಿ ಇದೆ, ಅಲ್ಲಿ ಜೋಳದ ಚೀಲ ತೂಗುವ ಕಾಟಾ ಇದೆ, ಮಧ್ಯಾಹ್ನ ಗಿರಾಕಿಗಳು ಇರುವುದಿಲ್ಲ, ಅಲ್ಲಿ ತೂಗಿಸೋಣ ಎಂದು ನಾನೇ ಸೂಚಿಸಿದೆ. ಬಹಳ ಜಾಣತನದ ಮಾತಾಡಿದೆ ಅನ್ನಿಸಿತ್ತು. ಅಂಬಕ್ಕ, ಪದ್ಮಾ, ನಾನು ಮೂವರೂ ಹೋದೆವು. ಹಮಾಲರು ಒಳ್ಳೆಯವರು, ಹೆಣ್ಣುಮಗಳು ಕಾಟಾದ ಮೇಲೆ ಹತ್ತುತ್ತಿದ್ದಂತೆ ಎಲ್ಲರೂ ಗೋಡೆಯ ಕಡೆ ತಿರುಗಿ ನಿಂತರು. ಆದರೆ ತೂಗುವ ಮುದುಕ ಜೀವಮಾನವೆಲ್ಲ ಚೀಲದ ತೂಕ ಕೂಗಿದವನು. ರೂಢಿಯ ಬಾಯಿ, ಪದ್ಮಾಳ ತೂಕವನ್ನೂ ಇಡೀ ಅಡತಿಗೆ ಕೇಳುವ ಹಾಗೆ ಕೂಗಿಬಿಟ್ಟ. ಆಚೆ ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದಕ್ಕೆ ನನಗೂ ನಗು ಬಂತು. ಸೆರಗು ಬಾಯಿಗೆ ಹಿಡಿದೆ, ಪದ್ಮಾ ನೋಡಿಬಿಟ್ಟಳು.

ದವಾಖಾನೆಗೆ ವಾಪಸು ಬಂದು, ಅಂಬಕ್ಕ ಹೊರಗೆ ಕೂತಾಗ, ಪದ್ಮಾ ನೀರು ಕೇಳಿದಳು. ಒಳಗಿನ ಕೋಣೆಗೆ ಕರೆದುಕೊಂಡು ಹೋದೆ. ನಕ್ಕಿದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ, “ಚಿಂತಿ ಮಾಡಬ್ಯಾಡವ್ವಾ, ಮೈ ಇಳದ್ರ ಎಲ್ಲಾ ಸರಿ ಆಗ್ತೈತಿ. ತಿಂಗಳಾ ಬರೋಬ್ಬರಿ ಇದ್ದಾಕಿಗೆ ಏನ್ ಅಂಜಿಕಿ?” ಎಂದೆ. ಆಕೆ ಲೋಟ ಕೆಳಗಿಟ್ಟು ಅಳತೊಡಗಿದಳು.

“ಎಲ್ಲಿ ಬರೋಬ್ಬರಿ ಐತ್ರಿ ಬಾಯಾರ? ವರ್ಷಕ್ಕೊಮ್ಮೆ ಬಂದ್ರ ಬಂತು, ಇಲ್ಲಾಂದ್ರ ಅದೂ ಇಲ್ಲ.”

“ಮತ್ತ ತಿಂಗಳಾ ಹೊರಗ ಕೂಡ್ತಿ ಅಂದ್ರಲ್ಲ ನಿಮ್ಮ ಅತ್ತಿ?”

“ಸುಮ್ಮನ ಹೋಗಿ ಕೂಡ್ತೇನ್ರಿ. ಆಕಾಶದಾಗ ಚಂದ್ರನ್ನ ನೋಡಿ ಲೆಕ್ಕಾ ಹಿಡದು, ಇವತ್ತ ಕೂಡಬೇಕು ಅಂತ ಕೂಡ್ತೇನಿ. ಕೂಡಲಿಲ್ಲಂದ್ರ, ಬಸುರೂ ಇಲ್ಲ ಮುಟ್ಟೂ ಇಲ್ಲ, ಇಕಿ ಬರಡು ಅಂತ ತಿಳದುಬಿಡ್ತಾರ. ಮನಗೂಳಿಯವರನ್ನ ಮರುದಿನಾನ ಕರಸ್ತಾರ. ನಿಮ್ಮ ಕಾಲಿಗೆ ಬೀಳ್ತೇನಿ, ಯಾರ ಮುಂದೂ ಅನಬ್ಯಾಡ್ರಿ.”

ಅನ್ನುವುದಿಲ್ಲ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಮಾತನ್ನು ಉಳಿಸಿಕೊಂಡೆ ಕೂಡ. ಒಬ್ಬ ಹೆಣ್ಣುಮಗಳು ನನ್ನನ್ನು ನಂಬಿ ಹೇಳಿದಳಲ್ಲ ಎಂದು ಒಳಗೊಳಗೇ ಬೀಗಿದ್ದೆ. ಡಾಕ್ಟರಿಗೆ ಗುಟ್ಟಾಗಿ ಹೇಳಬಹುದಿತ್ತು. ಸಾಹೇಬ್ರ, ಈಕೆಗೆ ಮುಟ್ಟೇ ಸರಿ ಇಲ್ಲ, ಅತ್ತೆಗೆ ತಿಳಿಸಬೇಡಿ ಎಂದರೆ ಅವರು ಕೇಳದಿರುವ ಮನುಷ್ಯರಲ್ಲ. ನಾನು ಹೇಳಲಿಲ್ಲ. ಮೊದಲ ದಿನ ಅವರ ಮುಂದೆ ‘ಬರೋಬ್ಬರಿ ಐತಿ’ ಎಂದು ನಾನೇ ಒಪ್ಪಿಸಿದ್ದೆ. ಅದನ್ನು ತಿರುವಿ ಹೇಳಿದರೆ, ಕೇಳುವುದು ಬರುವುದಿಲ್ಲವೇನು ನಿಮಗೆ ಎಂದು ಬೈಸಿಕೊಳ್ಳಬೇಕಾಗುತ್ತಿತ್ತು.

ಗುಳಿಗೆ ಕೆಲಸ ಮಾಡಿತು. ಪದ್ಮಾಳಿಗೆ ಊಟ ಬೇಡವಾಯಿತು, ನಿದ್ದೆಯೂ ಬೇಡವಾಯಿತು. ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದಳು, ಆದರೆ ಮುಖದಲ್ಲಿ ಕಳೆ ಬಂದಿತ್ತು. ಕುಪ್ಪಸಗಳನ್ನೆಲ್ಲ ಒಳಗೆ ಹಿಡಿದು ಹೊಲಿಸಿದಳು. ಓಣಿಯ ಹೆಂಗಸರು ದವಾಖಾನೆಗೆ ಬಂದು ‘ಪದ್ಮಾಗ ಕೊಟ್ಟ ಗುಳಿಗಿ’ ಎಂದು ಕೇಳತೊಡಗಿದರು. ಡಾಕ್ಟರು ಖುಷಿಯಾಗಿದ್ದರು. ನಾನಂತೂ ಅವಳನ್ನು ತೆಳ್ಳಗೆ ಮಾಡಿದ್ದೇ ನಾನು ಎಂಬಂತೆ ಓಡಾಡುತ್ತಿದ್ದೆ. ಮನಗೂಳಿಯವರ ಮಾತು ಸ್ವಲ್ಪ ತಣ್ಣಗಾಗಿತ್ತು, ಸತ್ತಿರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪುಡಿಕೆ ಕೊಡುವಾಗ ಪ್ರತಿ ಸಲ ಕೇಳಬೇಕೆಂದು ಡಾಕ್ಟರು ಹೇಳಿದ್ದರಲ್ಲ, ಉಳಿದ ಹೆಂಗಸರನ್ನು ಕೇಳುತ್ತಿದ್ದೆ. ಪದ್ಮಾಳನ್ನು ಕೇಳುವುದನ್ನು ಬಿಟ್ಟೆ. ಅವಳ ಮುಟ್ಟೇ ನಾಟಕ, ಅವಳನ್ನು ಕೇಳುವುದೇನು, ಕೇಳಿ ನೋಯಿಸುವುದೇನು ಎಂದುಕೊಂಡೆ. ಮುಟ್ಟು ಬಾರದವಳಿಗೆ ಬಸಿರು ಎಲ್ಲಿಂದ ಬರಬೇಕು ಎಂಬುದು ನನ್ನ ಲೆಕ್ಕ. ಮೈ ಇಳಿಯುತ್ತಿದ್ದಂತೆ ಒಳಗಿನ ಗಡಿಯಾರ ತಾನಾಗಿ ಮತ್ತೆ ಹೊರಳಬಹುದು, ಮುಟ್ಟು ಕಾಣುವ ಮೊದಲೇ ಬಸಿರು ನಿಂತುಬಿಡಬಹುದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಮೊಲೆ ಕುಡಿಸುವ ಬಾಣಂತಿಯರು ಮುಟ್ಟು ಕಾಣದೆಯೇ ಮತ್ತೆ ಬಸುರಾಗುವುದನ್ನು ನಾನು ಇಂಡಿಯಲ್ಲಿ ಎಷ್ಟು ಸಲ ನೋಡಿರಲಿಲ್ಲ! ಅವರಿಗೆ ಎಚ್ಚರಿಕೆ ಹೇಳುವುದೇ ನನ್ನ ಕೆಲಸವಾಗಿತ್ತು. ಆ ತಿಳಿವಳಿಕೆಯನ್ನು ಪದ್ಮಾಳ ಹತ್ತಿರ ತರಲೇ ಇಲ್ಲ.

ನಡುವೆ ಒಮ್ಮೆ ವಾಂತಿ ಎಂದು ಬಂದಿದ್ದಳು. ಗುಳಿಗೆಯ ಹೀಟು, ಮಜ್ಜಿಗೆ ಕುಡಿ ಎಂದು ಕಳಿಸಿದೆ. ಪುಡಿಕೆಯನ್ನೂ ಕೊಟ್ಟೇ ಕಳಿಸಿದೆ.

ಅದಾದ ಮೇಲೆ ಒಂದು ಬೆಳಗ್ಗೆ ಮನೆಗೆಲಸದವಳನ್ನು ಜೊತೆಗೆ ಕರೆದುಕೊಂಡು ಬಂದಳು.

“ಬಾಯಾರ, ಹುಳದ ಔಷಧ ಇದ್ರ ಕೊಡ್ರಿ. ಹೊಟ್ಟ್ಯಾಗ ಹುಳಾ ಆಗ್ಯಾವ ಅನಸ್ತೈತಿ.”

“ಹ್ಯಾಂಗ ಗೊತ್ತು?” ಎನ್ನುತ್ತಾ ಕಪಾಟಿನಿಂದ ಶೀಷೆ ತೆಗೆದೆ.

“ಉಂಡು ಅಡ್ಡಾದಾಗ ಒಳಗ ಹರದಾಡಿದಂಗ ಆಗ್ತೈತ್ರಿ. ಒಮ್ಮೆ ಎಡಕ, ಒಮ್ಮೆ ಬಲಕ. ಮೆಲ್ಲಕ ಒದ್ದಂಗ.”

ಶೀಷೆಯನ್ನು ಮೇಜಿನ ಮೇಲಿಟ್ಟೆ. ಒಳಗೆ ಕರೆದು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ಗರ್ಭ ಹೊಕ್ಕುಳ ಹತ್ತಿರ ಬಂದಿತ್ತು. ಕಟ್ಟಿಗೆಯ ಕೊಳವೆ ಇಟ್ಟು ಕಿವಿಗೊಟ್ಟೆ. ಮಗುವಿನ ಎದೆ ಬಡಿತ ಸ್ಪಷ್ಟವಾಗಿ ಕೇಳಿತು. ಆ ಸದ್ದು ಕೇಳಿ ನಾನು ಖುಷಿಪಡದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಪದ್ಮಾಳಿಗೆ ಹೇಳಿದಾಗ ಮೊದಲು ನಕ್ಕಳು. ಆಮೇಲೆ ಎದ್ದು ಕೂತು ನನ್ನ ಕೈ ಹಿಡಿದಳು.

“ಹೋದ ವಾರ ಹೊರಗ ಕೂತಿದ್ನಲ್ರಿ ಬಾಯಾರ. ಅತ್ತಿ ನೋಡ್ಯಾರ. ಈಗ ಏನಂತ ತಿಳೀತಾರ?”

ಅವಳಿಗೆ ಆ ಚಿಂತೆ. ನನಗೆ ಪುಡಿಕೆಗಳ ಚಿಂತೆ.

ಡಾಕ್ಟರು ತಾವೂ ನೋಡಿದರು, ಮುಖ ಬಿಳಿಚಿಕೊಂಡಿತು. ಅಂಬಕ್ಕನನ್ನು ಕರೆಸಿದರು. ಔಷಧಕ್ಕೆ ಬಂದವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ನಮ್ಮಲ್ಲಿ ಬಾಗಿಲು ಹಾಕುವ ಪದ್ಧತಿ ಇರಲಿಲ್ಲ.

“ಅಂಬಕ್ಕಾರ, ಸೊಸಿಗೆ ತಿಂಗಳಾ ತಪ್ಪಿಲ್ಲಂತ ನೀವ ಹೇಳಿದ್ರಿ.”

“ಹೇಳೇನ್ರಿ.”

“ಮತ್ತ ಇದು ಹ್ಯಾಂಗ? ಆಕಿ ಬಸುರದಾಳ. ಇವತ್ತಿಂದಲ್ಲ, ಭಾಳ ದಿನದ್ದು.”

ಅಂಬಕ್ಕ ಸೊಸೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಪದ್ಮಾಳೂ ನನ್ನ ಕಡೆಗೇ ನೋಡುತ್ತಿದ್ದಳು. ನಿಜ ಹೇಳಿದರೆ ಅವಳ ಮನೆ ಮುರಿಯುತ್ತದೆ, ಹೇಳದಿದ್ದರೆ ಬಸಿರನ್ನು ಯಾಕೆ ಮುಚ್ಚಿಟ್ಟಳು, ಮಗು ಯಾರದು ಎಂಬ ಮಾತು ಹುಟ್ಟುತ್ತದೆ. ನನ್ನ ಬಾಯಿಗೆ ಥಟ್ಟನೆ ಒಂದು ಮಾತು ಬಂತು.

“ಸಾಹೇಬ್ರ, ಕೆಲವರಿಗೆ ಬಸುರಿದ್ದಾಗೂ ಒಂದೀಟು ಕಾಣ್ತೈತಲ್ರಿ. ಹಂಗ ಆಗಿರಬೇಕು.”

ಡಾಕ್ಟರು ತಡೆದು, “ಆಗಬಹುದು” ಎಂದರು. ಅಂಬಕ್ಕ ಉಸಿರು ಬಿಟ್ಟರು. ಪದ್ಮಾಳನ್ನು ಉಳಿಸಿದೆ ಎಂದು ನಾನು ಬಹಳ ದಿನ ಹೇಳಿಕೊಂಡೆ. ಆ ಮಾತು ಮೊದಲು ಉಳಿಸಿದ್ದು ನನ್ನನ್ನು. ಗುಳಿಗೆಯನ್ನು ಅಂದೇ ನಿಲ್ಲಿಸಿದರು. ಡಾಕ್ಟರು ಆ ಡಬ್ಬಿಯ ಚೀಟಿಯನ್ನು ತೆಗೆದು ನಿಂತುಕೊಂಡೇ ಮತ್ತೆ ಓದುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮನಗೂಳಿಯವರಿಗೆ ಬೇಡವೆಂದು ಹೇಳಿ ಕಳಿಸಿದರು. ಪದ್ಮಾಳ ಕುಬಸ, ಅಂದರೆ ಸೀಮಂತ, ಜೋರಾಗಿ ನಡೆಯಿತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಉಡಿ ತುಂಬಿದರು. ಹಸಿರು ಬಳೆ ತೊಟ್ಟ ಕೈಯಿಂದ ಪದ್ಮಾ ನನ್ನ ಬಾಯಿಗೆ ಹೋಳಿಗೆ ಇಟ್ಟು, “ನಿಮ್ಮಿಂದ ಆತ್ರಿ ಬಾಯಾರ” ಎಂದಳು. 

ದಿನ ತುಂಬುವ ಮೊದಲೇ, ಒಂದು ಮಧ್ಯಾಹ್ನ, ನೋವು ಶುರುವಾಯಿತು. ಹೆರಿಗೆ ಮಾಡಿಸಿದವಳು ನಾನೇ. ಗಂಡು ಕೂಸು, ಅಂಗೈಯಲ್ಲಿ ಹಿಡಿಯುವಷ್ಟು. ಜೋರಾಗಿ ಅಳುವ ಶಕ್ತಿಯೂ ಇರಲಿಲ್ಲ. ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಶೀಷೆಗಳನ್ನು ಅಕ್ಕಪಕ್ಕ ಇಟ್ಟು ಕಾಯ್ದೆವು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಮಗುವನ್ನು ಒಯ್ದ ಮೇಲೆ ಪದ್ಮಾ ನನ್ನನ್ನು ಹತ್ತಿರ ಕರೆದಳು.

“ಬಾಯಾರ, ಆ ಗುಳಿಗಿಂದ ಹಿಂಗಾತೇನ್ರಿ?”

“ಇಲ್ಲವ್ವಾ. ಹಣೇಬರಾ” ಎಂದೆ.

ಗುಳಿಗೆಯಿಂದಲೇ ಹೀಗಾಯಿತೆಂದು ನಾನು ಈಗಲೂ ಹೇಳಲಾರೆ. ಗುಳಿಗೆ ತಿನ್ನದವರ ಮಕ್ಕಳೂ ಆಗ ಹೀಗೆ ಹೋಗುತ್ತಿದ್ದವು. ಅದಲ್ಲ ಎಂದೂ ಹೇಳಲಾರೆ. ಆಕೆ ತಿಂಗಳುಗಟ್ಟಲೆ ಉಣ್ಣದೆ ನಿದ್ದೆ ಮಾಡದೆ ಇದ್ದಳು, ಒಳಗೆ ಕೂಸಿತ್ತು. ಗೊತ್ತಿಲ್ಲ ಎಂಬುದೇ ನಿಜವಾದ ಉತ್ತರ. ಆ ಉತ್ತರವನ್ನಾದರೂ ಅವಳಿಗೆ ಕೊಡಬಹುದಿತ್ತು. ಹಣೆಬರಹ ಎಂದೆ, ಅವಳು ನಂಬಿದಳು.

ಅವಳನ್ನು ಮಸೂತಿಗೆ, ತವರಿಗೆ ಕಳಿಸಿದರು. ಮರಳಿ ಕರೆಯುತ್ತಾರೋ, ಮನಗೂಳಿಯವರನ್ನೇ ಕರೆಸುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಧೈರ್ಯ ನನಗೂ ಇರಲಿಲ್ಲ. ಬಟ್ಟೆ ಅಂಗಡಿಯ ಮುಂದೆ ಹಾಯುವುದನ್ನು ತಪ್ಪಿಸಲು ಸುತ್ತು ಹಾಕಿ ದವಾಖಾನೆಗೆ ಹೋಗುತ್ತಿದ್ದೆ. ಕೊನೆಗೆ ಏನೋ ನೆಪ ಹೇಳಿ ಸಿಂದಗಿಯನ್ನೇ ಬಿಟ್ಟು ಮುದ್ದೇಬಿಹಾಳಕ್ಕೆ ಹೋದೆ. ಓಡಿಹೋದೆ ಎಂದರೆ ಸರಿ.

ಮುದ್ದೇಬಿಹಾಳದ ಡಾಕ್ಟರಿಗೆ ಮೊದಲ ದಿನವೇ ಹೇಳಿದೆ, ಹೆಣ್ಣುಮಕ್ಕಳನ್ನು ಮೊದಲು ನಾನು ಒಬ್ಬಳೇ ನೋಡುತ್ತೇನೆ, ಬಾಗಿಲು ಹಾಕಿಕೊಂಡು, ಅತ್ತೆ ಗಂಡ ಯಾರೂ ಇರಕೂಡದು. ಅವರು ಗಡ್ಡ ಕೆರೆದುಕೊಂಡು, “ಜಗಳಾ ಆಗ್ತಾವ ನೋಡ್ರಿ” ಎಂದರು. ಆದವು. ಒಬ್ಬ ಹಿರಿಯ ಮನುಷ್ಯ ಬಾಗಿಲಲ್ಲೇ ಅಡ್ಡ ನಿಂತ.

“ನನ್ನ ಹೇಣ್ತಿ ವಿಷಯ ನನಗ ಗೊತ್ತಿಲ್ಲೇನು? ಏನ್ ಕೇಳೂದೈತಿ ನನ್ನ ಕೇಳ್ರಿ.”

“ಎಲ್ಲಾ ಗೊತ್ತಿದ್ರ ಹಡೀ ಕೆಲಸಾನೂ ನೀವ ಮಾಡ್ರಿ, ಆಕಿ ಮನಿಗೆ ಹೋಗ್ಲಿ” ಎಂದೆ.

ಒಳಗಿನಿಂದ ಅವನ ಹೆಂಡತಿಯೇ ನಕ್ಕಳು. ಅವನು ಬೀಡಿ ಸೇದಲು ಹೊರಗೆ ಹೋದ.

ಅದೇ ಊರ ಒಬ್ಬ ಹೆಂಗಸು, ಮಕ್ಕಳಾಗಲೆಂದು ಮೈ ಇಳಿಸಲು, ಸೊಲ್ಲಾಪುರದ ಸಂಬಂಧಿಕರಿಂದ ಹೆಸರಿಲ್ಲದ ಪುಡಿಕೆ ತರಿಸಿ ತಿನ್ನುತ್ತಿದ್ದಳು. ಬಾಗಿಲು ಹಾಕಿ ಕೇಳಿದ್ದಕ್ಕೆ ಸೆರಗಿನಿಂದ ಬಿಚ್ಚಿ ತೋರಿಸಿದಳು. ಅವಳಿಗೆ ನಾನು ಹೇಳಿದ್ದನ್ನೇ ಶಬಾನಾ, ನಿನಗೂ ಹೇಳುತ್ತೇನೆ. ಈಗಿನ ನಿಮ್ಮ ಇಂಜೆಕ್ಷನ್ ನನಗೆ ಗೊತ್ತಿಲ್ಲ, ಅದರ ವಿಷಯ ನಿನ್ನ ಡಾಕ್ಟರನ್ನು ಕೇಳು. ಆದರೆ ಮೈ ಇಳಿದರೆ ನಿಂತ ಮುಟ್ಟು ಮರಳಬಹುದು, ಮರಳಿದ್ದು ಕಾಣುವ ಮೊದಲೇ ಬಸಿರು ನಿಲ್ಲಬಹುದು. ನನಗೆ ಮಕ್ಕಳಾಗುವುದಿಲ್ಲ ಎಂದು ಎಂದೋ ಆಸೆ ಕೈಬಿಟ್ಟವಳಿಗೇ ಇದನ್ನು ಮೊದಲು ಹೇಳಬೇಕು. ಮಗು ಬೇಕೆಂದಿದ್ದರೆ ಮೈ ಇಳಿಸುವ ಔಷಧವನ್ನು ಯಾವಾಗ ನಿಲ್ಲಿಸಬೇಕು ಎಂದು ಮೊದಲೇ ಡಾಕ್ಟರ ಹತ್ತಿರ ಕೇಳಿ ತಿಳಿಯಬೇಕು, ಅಲ್ಲಿಯವರೆಗೆ ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು. ಮತ್ತೆ ಕೇಳುವುದನ್ನು ಯಾವ ತಿಂಗಳೂ ಬಿಡಬಾರದು, ಉತ್ತರ ನಿನಗೆ ಗೊತ್ತಿದೆ ಅನ್ನಿಸಿದರೂ.

ಬಾಗೇವಾಡಿಗೆ ಬಂದ ಮೇಲೆ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ದಿನ ಅಂಬಕ್ಕ ನಾನಿದ್ದ ದವಾಖಾನೆಗೆ ಬಂದರು. ಸಂಬಂಧಿಕರ ಮನೆಗೆ ಬಂದಿದ್ದರಂತೆ, ನಾನು ಇಲ್ಲಿದ್ದೇನೆಂದು ಕೇಳಿ ಹುಡುಕಿಕೊಂಡು ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.  ಒಳಗೆ ಕರೆದು ಬಾಗಿಲು ಹಾಕಿದೆ, ಆಗ ಅದು ರೂಢಿಯಾಗಿತ್ತು.

“ಪದ್ಮಾ ಹ್ಯಾಂಗದಾಳ್ರಿ?” ಎಂದು ಕೇಳಿದೆ.

“ಚಲೋ ಅದಾಳ. ಹೆಣ್ಣು ಕೂಸಾಗೇತಿ, ಓಡ್ಯಾಡ್ತೈತಿ. ಗುಳಿಗಿ ಇಲ್ಲ ಏನಿಲ್ಲ.”

“ಮನಗೂಳಿಯವರು?”

“ಮತ್ತ ಆ ಸುದ್ದಿ ತಗೀಲಿಲ್ಲ. ನಾನ ಮಸೂತಿಗೆ ಹೋಗಿ ಸೊಸೀನ್ನ ಕರಕೊಂಡು ಬಂದೆ. ಕೂಸು ಕಳಕೊಂಡಾಕಿನ್ನ ಬಿಟ್ಟು ಮತ್ತೊಬ್ಬಾಕಿನ್ನ ತರಾಕ ನಾ ಏನ್ ಕಲ್ಲೇನು?”

ನಾನು ಅತ್ತುಬಿಟ್ಟೆ. ಅಂಬಕ್ಕ ನನ್ನ ಅಳು ನಿಲ್ಲುವವರೆಗೆ ಕೂತರು, ಆಮೇಲೆ ಮೆಲ್ಲಗೆ ಹೇಳಿದರು.

“ಬಾಯಾರ, ಅವತ್ತ ಡಾಕ್ಟರ ಮುಂದ ನೀವು ಸುಳ್ಳು ಹೇಳಿದ್ರಿ, ನನಗ ಗೊತ್ತೈತಿ. ನನ್ನ ಮಾರಿ ನೋಡಿ ತಿಳಕೊಂಡು ನಮ್ಮನಿ ಮಾನಾ ಉಳಿಸಿದ್ರಿ. ಆಕಿ ತಿಂಗಳಾ ಸುಮ್ಮನ ಹೋಗಿ ಕೂಡತಿದ್ಲು. ಆಕಿ ಕೂತಾಗ ಹಿತ್ತಲ ಹಗ್ಗದ ಮ್ಯಾಲ ಅರಿವಿ ಒಣಗಾಕಿದ್ದು ನಾ ಒಮ್ಮೆನೂ ನೋಡಲಿಲ್ಲ. ನಾನೂ ಹೆಣ್ಣ, ನನಗ ತಿಳೀದೇನು?”

“ಗೊತ್ತಿತ್ತೇನ್ರಿ? ಮತ್ತ ಡಾಕ್ಟರು ಕೇಳಿದಾಗ ಬರೋಬ್ಬರಿ ಐತಿ ಅಂತ ಯಾಕ ಹೇಳಿದ್ರಿ?”

“ಬಾಗಲದಾಗ ಗಂಡಸರು ನಿಂತಿದ್ರು. ಅವರ ಮುಂದ ನನ್ನ ಸೊಸಿಗೆ ಮುಟ್ಟು ಬರೂದಿಲ್ಲಂತ ಹ್ಯಾಂಗ ಹೇಳ್ಲಿ? ನಾಚಿಕಿ ಆತು. ಆಕಿ ಮಾನಾ ಹೋಗ್ತೈತಿ ಅನಿಸ್ತು.” ಅಂಬಕ್ಕ ತಮ್ಮ ಬೊಗಸೆ ನೋಡಿಕೊಂಡರು. “ನೀವು ಹೆಣ್ಮಗಳು, ಕಲತಾಕಿ. ಆಮ್ಯಾಲ ಆಕಿನ್ನ ಒಳಗ ಕರದು ಕೇಳ್ತೀರಿ, ಡಾಕ್ಟರಿಗೆ ತಿಳಸ್ತೀರಿ ಅಂತ ನಂಬಿದ್ದೆ. ಒಂದು ಮಾತು ಕೇಳಿದ್ರ ಆಕಿ ಹೇಳತಿದ್ಲವ್ವಾ. ಯಾಕ ಕೇಳಲಿಲ್ಲ?”

ಒಳಗೆ ಕರೆದಿದ್ದೆ. ಆಕೆ ಎಲ್ಲವನ್ನೂ ಹೇಳಿದ್ದಳು. ಅತ್ತೆಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಗುಳಿಗೆ ಬರೆಯುವವನಿಗೆ ಮಾತ್ರ ಗೊತ್ತಿರಲಿಲ್ಲ. ಅವನಿಗೆ ತಿಳಿಸುವ ಕೆಲಸ ನನ್ನೊಬ್ಬಳದಾಗಿತ್ತು. ಅಂಬಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

“ತಪ್ಪಾತ್ರಿ” ಎಂದೆ. “ಕೇಳಬೇಕಂತ ಹೊಳೀಲೇ ಇಲ್ಲ.”

ಅಂಬಕ್ಕ ಎದ್ದು ನನ್ನ ತಲೆಯ ಮೇಲೆ ಕೈ ಇಟ್ಟರು.

“ಇರ್ಲಿ ಬಿಡು ತಂಗಿ. ನೀನೂ ಆಗ ಸಣ್ಣಾಕಿ ಇದ್ದಿ.”

ಬಾಗಿಲು ತೆಗೆದು ಕೊಟ್ಟೆ, ಅವರು ಹೋದರು.